ಹಂದಿಮರಿಗೆ ವೈರಸ್ ಭೇದಿ: ಮೊದಲ ವಾರ ದಾಟಿಸುವುದು ಹೇಗೆ?

“ಸಾರ್, ರಾತ್ರಿ ಹತ್ತು ಗಂಟೆಗೆ ನೋಡ್ದಾಗ ಹನ್ನೊಂದೂ ಮರಿ ಹಾಲು ಕುಡೀತಾ ಇದ್ವು. ಈಗ ಎದ್ದು ನೋಡಿದ್ರೆ ಎಲ್ಲಾ ಉಚ್ಕೊಂಡು ಒದ್ದೆಮುದ್ದೆ ಆಗಿ ಬಿದ್ದಿದಾವೆ. ಎರಡು ಆಗ್ಲೇ ಹೋಗ್ಬಿಟ್ಟಿದಾವೆ.”

ದೊಡ್ಡಬಳ್ಳಾಪುರದ ಕಡೆಯ ರೈತರೊಬ್ಬರ ಫೋನು. ಡಿಸೆಂಬರ್ ತಿಂಗಳು, ಇನ್ನೂ ಬೆಳಕು ಹರಿದಿರಲಿಲ್ಲ. ನಾನು ಹೋಗಿ ನೋಡುವಷ್ಟರಲ್ಲಿ ಮೂರನೆಯದೂ ಸತ್ತಿತ್ತು. ಮರಿಗಳಿಗೆ ಐದು ದಿನ. ತಾಯಿಯದು ಮೊದಲ ಸೂಲು. ಉಳಿದ ಎಂಟು ಮರಿಗಳೂ ತಾಯಿಯ ಹೊಟ್ಟೆಯ ಮೇಲೆ ಹತ್ತಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಹಾಲಿನ ಆಸೆಗಲ್ಲ, ಮೈ ಬೆಚ್ಚಗಾಗಲೆಂದು. ಬಾಲದ ಬುಡದಿಂದ ಹಿಂಗಾಲಿನವರೆಗೆ ಹಳದಿ ನೀರು ಹರಿದು ಚರ್ಮ ಕೆಂಪಾಗಿತ್ತು. ನೆಲದ ಮೇಲೆ ಅಲ್ಲಲ್ಲಿ ಮೊಸರಿನ ಹೆಪ್ಪಿನಂತೆ ಬಿಳಿ ಗಟ್ಟಿಗಳು, ಅಂದರೆ ಕುಡಿದ ಹಾಲು ವಾಂತಿಯಾಗಿ ಬಿದ್ದದ್ದು. ಒಂದು ಮರಿಯ ಕತ್ತಿನ ಚರ್ಮ ಚಿವುಟಿ ಬಿಟ್ಟೆ. ಎದ್ದ ಮಡಿಕೆ ಹಾಗೇ ನಿಂತಿತು, ಕೆಳಗಿಳಿಯಲಿಲ್ಲ. ಮೈಯಲ್ಲಿ ನೀರಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ರೈತರ ಕೈಯಲ್ಲಿ ಆಗಲೇ ಔಷಧಿ ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಬಾಟಲಿ ಇತ್ತು. ಹಂದಿ ಸಾಕುವವರು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬಾರದು: ವೈರಸ್‌ನಿಂದ ಬರುವ ಭೇದಿಯನ್ನು ನಿಲ್ಲಿಸುವ ಚುಚ್ಚುಮದ್ದಾಗಲಿ ಮಾತ್ರೆಯಾಗಲಿ ಇಲ್ಲ. ಮರಿಯನ್ನು ಉಳಿಸುವುದು ನೀರು, ಶಾಖ ಮತ್ತು ತಾಯಿಯ ಹಾಲು. ಆ ಮೂರನ್ನು ಕೊಡಲು ಸಿಗುವ ಸಮಯ ಕೆಲವೇ ಗಂಟೆ.

ಕರುಳಿನೊಳಗೆ ಏನಾಗುತ್ತದೆ?

ಟರ್ಕಿ ಟವೆಲ್ ನೋಡಿದ್ದೀರಲ್ಲ, ಅದರ ಮೈತುಂಬ ಎದ್ದು ನಿಂತ ನೂಲಿನ ಎಳೆಗಳಿರುತ್ತವೆ. ಆರೋಗ್ಯವಾಗಿರುವ ಮರಿಯ ಸಣ್ಣ ಕರುಳಿನ ಒಳಗೋಡೆಯೂ ಹಾಗೆಯೇ. ಕಣ್ಣಿಗೆ ಕಾಣದಷ್ಟು ಸಣ್ಣ ಬೆರಳುಗಳು ಒತ್ತೊತ್ತಾಗಿ ನಿಂತಿರುತ್ತವೆ. ಹಾಲನ್ನು ಜೀರ್ಣಿಸುವುದು, ಹೀರುವುದು ಎಲ್ಲ ಆ ಬೆರಳುಗಳ ಮೇಲಿರುವ ಜೀವಕೋಶಗಳ ಕೆಲಸ. ರೋಟಾ ವೈರಸ್ಸಾಗಲಿ, ಹಂದಿಗಳ ಕರುಳಿಗೆ ಬರುವ ಕೊರೊನಾ ಜಾತಿಯ ವೈರಸ್‌ಗಳಾಗಲಿ ನೇರವಾಗಿ ಹೋಗಿ ಕೂರುವುದು ಈ ಜೀವಕೋಶಗಳ ಮೇಲೆ. ಅವು ಸತ್ತು ಉದುರಿದರೆ ಬೆರಳುಗಳು ಕುಗ್ಗಿ ಮೋಟಾಗುತ್ತವೆ. ಟರ್ಕಿ ಟವೆಲ್ ಸವೆದು ತೆಳು ಪಂಚೆಯಾದ ಹಾಗೆ. ಮರಿ ಹಾಲು ಕುಡಿಯುತ್ತಲೇ ಇರುತ್ತದೆ, ಆದರೆ ಹಾಲಿನ ಸಕ್ಕರೆ ಜೀರ್ಣವಾಗದೆ ಕರುಳಲ್ಲೇ ಉಳಿದು ಮೈಯ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆ ನೀರೇ ಭೇದಿಯಾಗಿ ಹೊರಗೆ ಹೋಗುವುದು.

ಸತ್ತ ಜೀವಕೋಶಗಳ ಜಾಗಕ್ಕೆ ಹೊಸವು ಹುಟ್ಟುತ್ತವೆ. ಮೂರು ವಾರದ ಮರಿಗೆ ಇದಕ್ಕೆ ಎರಡು ಮೂರು ದಿನ ಸಾಕು. ಆಗತಾನೆ ಹುಟ್ಟಿದ ಮರಿಗೆ ಐದರಿಂದ ಏಳು ದಿನ ಬೇಕು. ಒಂದೂವರೆ ಕಿಲೋ ತೂಗುವ ಮರಿ ಒಂದು ಟೀ ಲೋಟದಷ್ಟು ನೀರು ಕಳೆದುಕೊಂಡರೆ ಅದರ ತೂಕದ ಹತ್ತನೇ ಒಂದು ಭಾಗ ಹೋದಂತೆ, ಪ್ರಾಣಕ್ಕೇ ಅಪಾಯ. ಏಳು ದಿನ ಕಾಯುವಷ್ಟು ನೀರು ಅದರ ಮೈಯಲ್ಲಿ ಎಲ್ಲಿದೆ? ಒಂದೇ ಶೆಡ್‌ನಲ್ಲಿ ಒಂದೇ ವೈರಸ್ ಬಂದರೂ ತಾಯಿ ಒಂದು ದಿನ ಮೇವು ಬಿಟ್ಟು ಸುಧಾರಿಸಿಕೊಳ್ಳುವುದಕ್ಕೂ, ಎರಡು ತಿಂಗಳ ಹಂದಿ ನಾಲ್ಕು ದಿನ ಉಚ್ಚಿಕೊಂಡು ಎದ್ದು ನಿಲ್ಲುವುದಕ್ಕೂ, ಮೂರು ದಿನದ ಮರಿ ಸಾಯುವುದಕ್ಕೂ ಕಾರಣ ಇದೇ ಲೆಕ್ಕ.

ಅಮೆರಿಕದಲ್ಲಿ ಆದದ್ದು

ಈ ರೋಗ ಎಷ್ಟು ದೊಡ್ಡದಾಗಬಲ್ಲದು ಎಂದು ಲೋಕ ಕಂಡದ್ದು 2013ರಲ್ಲಿ. ‘ಪೋರ್ಸೈನ್ ಎಪಿಡೆಮಿಕ್ ಡಯೇರಿಯಾ’, ಚಿಕ್ಕದಾಗಿ ಪಿಇಡಿ, ಹೊಸ ರೋಗವೇನಲ್ಲ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತ್ತು. 1978ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಅದರ ಹಿಂದಿರುವ ಕೊರೊನಾ ವೈರಸ್ಸನ್ನು ಗುರುತಿಸಿದರು. 2010ರಲ್ಲಿ ಚೀನಾದಲ್ಲಿ ಅದು ಹೆಚ್ಚು ಉಗ್ರವಾಗಿ ತಿರುಗಿತು. 2013ರ ವಸಂತದಲ್ಲಿ ಅಮೆರಿಕದ ಓಹಾಯೊ, ಅಯೋವಾ ರಾಜ್ಯಗಳ ಫಾರಂಗಳಲ್ಲಿ ಮರಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಅಲ್ಲಿನ ಹಂದಿಗಳು ಈ ವೈರಸ್ಸನ್ನು ಎಂದೂ ಕಂಡಿರಲಿಲ್ಲ, ಹಾಗಾಗಿ ಯಾವ ತಾಯಿಯ ಹಾಲಿನಲ್ಲೂ ಅದರ ವಿರುದ್ಧದ ಶಕ್ತಿ ಇರಲಿಲ್ಲ. ಒಂದು ವಾರದೊಳಗಿನ ಮರಿಗಳಲ್ಲಿ ನೂರಕ್ಕೆ ಎಂಬತ್ತರಿಂದ ನೂರರವರೆಗೂ ಸತ್ತವು. ಸುಮಾರು ಒಂದು ವರ್ಷದಲ್ಲಿ 30ಕ್ಕೂ ಹೆಚ್ಚು ರಾಜ್ಯಗಳಿಗೆ ರೋಗ ಹರಡಿ, 70 ಲಕ್ಷದಷ್ಟು ಹಂದಿಗಳು ಹೋದವೆಂದು ಅಂದಾಜಿಸಲಾಯಿತು. 2014ರ ಜನವರಿಯಲ್ಲಿ ಕೆನಡಾಕ್ಕೂ ದಾಟಿತು.

ಬೇಲಿ, ಸ್ನಾನದ ಕೋಣೆ, ಬೇರೆ ಬಟ್ಟೆ ಎಲ್ಲ ಇದ್ದ ಫಾರಂಗಳು ಅವು. ಆದರೂ ವೈರಸ್ ಒಳಗೆ ಬಂದದ್ದು ಹೇಗೆ? ಇದರ ಉತ್ತರವೇ ನಮಗೆ ಉಪಯೋಗಕ್ಕೆ ಬರುವುದು. 2013ರ ಜೂನ್‌ನಲ್ಲಿ ಅಲ್ಲಿನ ಸಂಶೋಧಕರು ಕಸಾಯಿಖಾನೆಗಳಿಗೆ ಬರುವ ಹಂದಿ ಸಾಗಣೆ ಟ್ರೇಲರ್‌ಗಳ ಒಳಮೈಯನ್ನು ಒರೆಸಿ ಪರೀಕ್ಷಿಸಿದರು. ನೂರಕ್ಕೆ ಆರೇಳು ಗಾಡಿಗಳು ವೈರಸ್ ಹೊತ್ತೇ ಬಂದಿದ್ದವು. ಅದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಎಂದರೆ, ಶುದ್ಧವಾಗಿ ಬಂದ ಗಾಡಿಗಳಲ್ಲೂ ನೂರಕ್ಕೆ ಐದು, ಹಂದಿ ಇಳಿಸಿ ಹೊರಡುವಷ್ಟರಲ್ಲಿ ವೈರಸ್ ಅಂಟಿಸಿಕೊಂಡಿದ್ದವು. ಇಳಿಸುವ ಕಟ್ಟೆಯ ಮೇಲೆ ಓಡಾಡಿದವರ ಕಾಲಿನಿಂದ ಗಾಡಿಗೆ, ಗಾಡಿಯಿಂದ ಮುಂದಿನ ಫಾರಂಗೆ. ಇನ್ನು ಆ ದೇಶದೊಳಕ್ಕೆ ವೈರಸ್ ಕಾಲಿಟ್ಟ ದಾರಿಯನ್ನು ಹುಡುಕಿದ ಸರ್ಕಾರಿ ತನಿಖೆ, ಮೇವಿನ ಸರಕು ಸಾಗಿಸುವ ದೊಡ್ಡ ಚೀಲಗಳನ್ನು ತೊಳೆಯದೆ ಮತ್ತೆ ಮತ್ತೆ ಬಳಸಿದ್ದೇ ಹೆಚ್ಚು ಸಂಭವನೀಯ ಕಾರಣ ಎಂದಿತು.

ಗಾಡಿ, ಕಾಲು, ಚೀಲ. ಕೋಟಿಗಟ್ಟಲೆ ಬಂಡವಾಳದ ಫಾರಂಗಳ ಕಥೆ ಇದು. ನಮ್ಮಲ್ಲಿ ಹತ್ತು ತಾಯಿ ಹಂದಿ ಇಟ್ಟುಕೊಂಡವರ ಶೆಡ್‌ಗೂ ರೋಗ ಬರುವುದು ಇದೇ ಮೂರು ದಾರಿಯಲ್ಲಿ.

ಯಾವ ಭೇದಿ, ಯಾರಿಂದ?

ಮರಿ ಉಚ್ಚಿಕೊಂಡಿತೆಂದರೆ ವೈರಸ್ಸೇ ಎಂದು ತೀರ್ಮಾನಿಸಬೇಡಿ. ಹುಟ್ಟಿದ ಮೊದಲ ಮೂರು ನಾಲ್ಕು ದಿನದಲ್ಲಿ ಬರುವ ಭೇದಿ ಹೆಚ್ಚಾಗಿ ಇ. ಕೋಲಿ ಬ್ಯಾಕ್ಟೀರಿಯಾದ್ದು, ಅದಕ್ಕೆ ಔಷಧಿ ಇದೆ. ಮೊದಲ ವಾರದಲ್ಲೇ ಭೇದಿಯಲ್ಲಿ ರಕ್ತ ಕಂಡು ಮರಿಗಳು ಬೇಗ ಬೇಗ ಸತ್ತರೆ ಕ್ಲಾಸ್ಟ್ರೀಡಿಯಂ ಇರಬಹುದು. ಒಂದರಿಂದ ಎರಡು ವಾರದ ಮರಿಗಳಲ್ಲಿ ಹಳದಿ ಪೇಸ್ಟ್‌ನಂತೆ ಹೋಗುತ್ತಿದ್ದರೆ ಕಾಕ್ಸಿಡಿಯಾ ಎಂಬ ಪರೋಪಜೀವಿ. ರೋಟಾ ವೈರಸ್ ಸಾಮಾನ್ಯವಾಗಿ ಒಂದರಿಂದ ಐದು ವಾರದ ಮರಿಗಳನ್ನು ಹಿಡಿಯುತ್ತದೆ. ಆದರೆ ಮೊದಲ ಸೂಲಿನ ತಾಯಿ, ಚಳಿ, ಒದ್ದೆ ನೆಲ ಮೂರೂ ಸೇರಿದರೆ ಇನ್ನೂ ಬೇಗ ಬರುತ್ತದೆ. ದೊಡ್ಡಬಳ್ಳಾಪುರದ ಆ ಮರಿಗಳಲ್ಲಿ ಪ್ರಯೋಗಾಲಯ ಕಂಡದ್ದೂ ಅದನ್ನೇ. ಪಿಇಡಿ ಮತ್ತು ಅದರ ಸಂಬಂಧಿ ಟಿಜಿಇ ಎಂಬ ಕೊರೊನಾ ರೋಗಗಳ ಗುರುತು ಬೇರೆ. ವಯಸ್ಸಿನ ಭೇದವಿಲ್ಲದೆ ಇಡೀ ಶೆಡ್ ಎರಡು ಮೂರು ದಿನದಲ್ಲಿ ವಾಂತಿಭೇದಿಗೆ ಬೀಳುತ್ತದೆ, ದೊಡ್ಡವು ಏಳುತ್ತವೆ, ಹಾಲು ಕುಡಿಯುವ ಮರಿಗಳು ಸಾಯುತ್ತವೆ.

ಸ್ಥಳದಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಇದೆ. ಶಾಲೆಯ ಪ್ರಯೋಗಾಲಯದಲ್ಲಿ ಬಳಸುವ ಲಿಟ್ಮಸ್ ಕಾಗದವನ್ನು ಆಗತಾನೆ ಹೊರಬಂದ ಭೇದಿಗೆ ತಾಗಿಸಿ. ನೀಲಿ ಕಾಗದ ಕೆಂಪಾದರೆ ಜೀರ್ಣವಾಗದ ಹಾಲು ಹುಳಿತಿದೆ ಎಂದರ್ಥ, ವೈರಸ್ ಕಡೆಗೆ ಬೆರಳು ತೋರಿಸುತ್ತದೆ. ಕೆಂಪು ಕಾಗದ ನೀಲಿಯಾದರೆ ಇ. ಕೋಲಿ ಎಂಬ ಅನುಮಾನ ಬಲವಾಗುತ್ತದೆ. ಇದು ಸುಳಿವು ಅಷ್ಟೇ, ಎರಡೂ ಒಟ್ಟಿಗೆ ಇರುವುದೂ ಉಂಟು. ಖಚಿತವಾಗಬೇಕಾದರೆ ಭೇದಿ ಶುರುವಾದ ಮೊದಲ ದಿನವೇ, ಔಷಧಿ ಬೀಳದ ಎರಡು ಮೂರು ಮರಿಗಳ ಮಲವನ್ನು ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಹಾಕಿ, ಐಸ್ ಇಟ್ಟ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇಂಥ ಕೆಲಸಕ್ಕೇ ಇದೆ. ನಿಮ್ಮ ಊರಿನ ಪಶು ಆಸ್ಪತ್ರೆಯ ಮೂಲಕ ಕಳಿಸುವುದು ಸುಲಭ. ಸತ್ತು ಹತ್ತು ಗಂಟೆ ಬಿಸಿಲಲ್ಲಿ ಬಿದ್ದಿದ್ದ ಮರಿಯನ್ನು ಒಯ್ದರೆ ಯಾವ ಪ್ರಯೋಗಾಲಯಕ್ಕೂ ಏನೂ ಸಿಗುವುದಿಲ್ಲ, ಕರುಳು ಕೊಳೆತುಹೋಗಿರುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಭೇದಿಯ ಜೊತೆಗೆ ಜೋರು ಜ್ವರ ಇದೆಯೇ? ದೊಡ್ಡ ಹಂದಿಗಳೂ ಸಾಯುತ್ತಿವೆಯೇ? ಕಿವಿ, ಹೊಟ್ಟೆ, ತೊಡೆಯ ಚರ್ಮ ಕೆಂಪಾಗಿ ಅಥವಾ ನೇರಳೆಯಾಗಿ ತಿರುಗಿದೆಯೇ? ಹಿಂಗಾಲು ತೂರಾಡುತ್ತಿವೆಯೇ? ಹಾಗಿದ್ದರೆ ಅದು ಬರೀ ಕರುಳಿನ ರೋಗವಲ್ಲ. ಹಂದಿ ಜ್ವರ, ಅಂದರೆ ಕ್ಲಾಸಿಕಲ್ ಸ್ವೈನ್ ಫೀವರ್ ಇರಬಹುದು, ಇಲ್ಲವೇ 2020ರಲ್ಲಿ ಅಸ್ಸಾಂ ಮೂಲಕ ನಮ್ಮ ದೇಶ ಹೊಕ್ಕ ಆಫ್ರಿಕನ್ ಹಂದಿ ಜ್ವರ ಇರಬಹುದು. ಮೊದಲನೆಯದಕ್ಕೆ ಲಸಿಕೆ ಇದೆ, ಪ್ರತಿ ಹಂದಿಗೂ ಹಾಕಿಸಲೇಬೇಕು. ಎರಡನೆಯದಕ್ಕೆ ಚಿಕಿತ್ಸೆ ಇಲ್ಲ. ಎರಡೂ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳು. ಅನುಮಾನ ಬಂದ ಕ್ಷಣ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962ಕ್ಕೆ ಫೋನ್ ಮಾಡಿ. ಒಂದು ಹಂದಿಯನ್ನೂ ಹೊರಗೆ ಮಾರಬೇಡಿ, ಕೊಯ್ಯಬೇಡಿ.

ಮೊದಲ ಆರು ಗಂಟೆ

ಮೊದಲು ಶಾಖ. ಹಂದಿಮರಿ ಹುಟ್ಟುವಾಗ ಮೈಯಲ್ಲಿ ಕೊಬ್ಬಿರುವುದಿಲ್ಲ, ಕೂದಲೂ ಇಲ್ಲದಂತೆಯೇ. ಮೊದಲ ವಾರ ಅದಕ್ಕೆ 32ರಿಂದ 35 ಡಿಗ್ರಿ ಬೇಕು. ಅದೇ ತಾಯಿಗೆ ಇಪ್ಪತ್ತರ ಆಸುಪಾಸು ಹಿತ. ಹಾಗಾಗಿ ಇಡೀ ಶೆಡ್ ಬೆಚ್ಚಗೆ ಮಾಡಲು ಹೋಗಬೇಡಿ. ಮೂಲೆಯೊಂದರಲ್ಲಿ ಮರಿಗಳಿಗೆಂದೇ ಮರದ ಹಲಗೆ ಅಥವಾ ಇಟ್ಟಿಗೆಯ ಗೂಡು ಮಾಡಿ, ಒಣ ಭತ್ತದ ಹುಲ್ಲು ಹಾಸಿ, ಮೇಲೆ ಬಲ್ಬ್ ಇಳಿಬಿಡಿ. ಹುಲ್ಲಿಗೂ ಬಲ್ಬ್‌ಗೂ ಮೊಳದಷ್ಟಾದರೂ ಅಂತರವಿರಲಿ. ತಾಯಿಯ ಬಾಯಿಗೆ ಎಟುಕದಂತೆ ವೈರನ್ನು ಸರಪಳಿಗೆ ಕಟ್ಟಿ, ಇಲ್ಲದಿದ್ದರೆ ಬೆಂಕಿಯ ಭಯ. ಥರ್ಮಾಮೀಟರ್ ಇಲ್ಲವೆಂದರೆ ಮರಿಗಳನ್ನೇ ನೋಡಿ. ಒಂದರ ಮೇಲೊಂದು ಗುಡ್ಡೆಯಾಗಿದ್ದರೆ ಚಳಿ, ಬೆಳಕಿನಿಂದ ದೂರ ಹೋಗಿ ಗೋಡೆಗೆ ಅಂಟಿದ್ದರೆ ಸೆಕೆ, ಪಕ್ಕ ಪಕ್ಕ ಉದ್ದಕ್ಕೆ ಮಲಗಿದ್ದರೆ ಸರಿಯಾಗಿದೆ.

ಆಮೇಲೆ ನೀರು. ಮನುಷ್ಯರಿಗೆ ಕೊಡುವ ಓಆರ್‌ಎಸ್ ಪ್ಯಾಕೆಟ್ಟೇ ನಡೆಯುತ್ತದೆ. ಪ್ಯಾಕೆಟ್ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಹಾಕಿ, ಗಟ್ಟಿ ಮಾಡಬೇಡಿ. ಗಟ್ಟಿಯಾದರೆ ಅದೇ ಇನ್ನಷ್ಟು ನೀರನ್ನು ಕರುಳಿಗೆ ಎಳೆಯುತ್ತದೆ. ಎದ್ದು ಓಡಾಡುವ ಮರಿಗಳಿಗೆ ಮಗುಚದಂಥ ಅಗಲ ತಟ್ಟೆಯಲ್ಲಿಟ್ಟು ದಿನಕ್ಕೆ ನಾಲ್ಕು ಸಲ ಬದಲಾಯಿಸಿ. ನಿಶ್ಶಕ್ತ ಮರಿಯನ್ನು ಒಂದು ಕೈಯಲ್ಲಿ ಎದೆಯಡಿ ಹಿಡಿದು, ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ ಹತ್ತು ಹದಿನೈದು ಮಿಲಿಲೀಟರ್ ನಿಧಾನವಾಗಿ ಬಿಡಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ತಲೆ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗಿ ಮರಿ ಅಲ್ಲೇ ಸಾಯುತ್ತದೆ. ನುಂಗುವ ಶಕ್ತಿಯೇ ಇಲ್ಲದ ಮರಿಗೆ ಪಶುವೈದ್ಯರು ಬೆಚ್ಚಗಿನ ಗ್ಲುಕೋಸ್ ಸಲೈನನ್ನು ಹೊಟ್ಟೆಯ ಪೊರೆಯೊಳಕ್ಕೆ ಕೊಡುತ್ತಾರೆ. ಅದು ಅವರ ಕೈಯ ಕೆಲಸ, ನೀವು ಪ್ರಯತ್ನಿಸಬೇಡಿ. ತಣ್ಣಗಾದ ಮರಿಗೆ ಮೊದಲು ಮೈ ಬಿಸಿ ಮಾಡಿ, ಆಮೇಲೆ ನೀರು ಕೊಡಬೇಕು.

ತಾಯಿಯಿಂದ ಮರಿ ಬಿಡಿಸಬೇಡಿ, ಕುಡಿಯುವಷ್ಟು ಹಾಲು ಕುಡಿಯಲಿ. ಹಾಲು ಬಿಟ್ಟ ದೊಡ್ಡ ಮರಿಗಳಿಗಾದರೆ ಒಂದು ದಿನ ಮೇವು ಕಡಿಮೆ ಮಾಡಿ ನೀರು ಜಾಸ್ತಿ ಕೊಡುವುದು ಒಳ್ಳೆಯದು. ಇನ್ನು ಆ್ಯಂಟಿಬಯಾಟಿಕ್: ವೈರಸ್ ಕೆಡಿಸಿದ ಕರುಳಿಗೆ ಬ್ಯಾಕ್ಟೀರಿಯಾ ನುಗ್ಗಿದೆ ಎಂದು ಕಂಡರೆ ವೈದ್ಯರೇ ಕೊಡುತ್ತಾರೆ. ಅಂಗಡಿಯವರು ಹೇಳಿದ್ದನ್ನು ಹನ್ನೊಂದೂ ಮರಿಗೆ ಚುಚ್ಚಿದರೆ ಚುಚ್ಚುವ ಗಾಬರಿಗೇ ಎರಡು ಮರಿ ಸೋಲುತ್ತವೆ, ದುಡ್ಡೂ ಹೋಗುತ್ತದೆ.

ಆ ದಿನ ನಾವು ಮಾಡಿದ್ದು ಇಷ್ಟೇ. ಎಂಟರಲ್ಲಿ ಐದು ಉಳಿದವು.

ತಾಯಿಯನ್ನು ಮಾರಬೇಡಿ

ಈ ರೋಗ ಬಂದು ಹೋದ ಶೆಡ್‌ಗಳಲ್ಲಿ ನಾನು ಹೆಚ್ಚು ವಾದ ಮಾಡಿರುವುದು ಈ ಒಂದು ವಿಷಯಕ್ಕೆ. ಮರಿ ಸತ್ತ ಬೇಸರಕ್ಕೆ ರೈತರು “ಈ ಹಂದಿ ಆಗಿಬರಲಿಲ್ಲ” ಎಂದು ತಾಯಿಯನ್ನು ಆ ವಾರವೇ ಮಾರಿಬಿಡುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಮನುಷ್ಯರ ಮಗು ತಾಯಿಯ ಗರ್ಭದಲ್ಲೇ ಒಂದಷ್ಟು ರೋಗನಿರೋಧಕ ಶಕ್ತಿಯನ್ನು ಪಡೆದು ಹುಟ್ಟುತ್ತದೆ. ಹಂದಿಯ ಮಾಸು ಅಂಥ ಶಕ್ತಿಯನ್ನು ದಾಟಿಸುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ, ಅದಕ್ಕೆ ಸಿಗುವುದೆಲ್ಲ ಗಿಣ್ಣು ಹಾಲಿನಿಂದ. ಹುಟ್ಟಿದ ಒಂದು ದಿನ, ಒಂದೂವರೆ ದಿನದೊಳಗೆ ಕುಡಿದ ಗಿಣ್ಣಿನ ಶಕ್ತಿ ಮಾತ್ರ ಕರುಳು ದಾಟಿ ರಕ್ತ ಸೇರುತ್ತದೆ, ಆಮೇಲೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದಾದ ಮೇಲೂ ದಿನದಿನದ ಹಾಲಿನಲ್ಲಿ ಬರುವ ಇನ್ನೊಂದು ಬಗೆಯ ರಕ್ಷಣೆ, ಐಜಿಎ ಎಂಬುದು, ಕರುಳಿನ ಒಳಗೋಡೆಗೆ ಬಳಿದಂತೆ ಕೂತು ವೈರಸ್ಸನ್ನು ತಡೆಯುತ್ತದೆ. ಹಾಲು ನಿಂತರೆ ಅದೂ ನಿಂತಿತು. ಈ ಐಜಿಎ ಹುಟ್ಟುವ ರೀತಿ ನನಗೆ ಇಂದಿಗೂ ಸೋಜಿಗ. ತಾಯಿಯ ಕರುಳಿಗೆ ವೈರಸ್ ಬಂದರೆ ಅಲ್ಲಿ ತಯಾರಾದ ರಕ್ಷಕ ಕೋಶಗಳು ರಕ್ತದಲ್ಲಿ ಹರಿದು ಕೆಚ್ಚಲಿಗೆ ಹೋಗಿ ನೆಲೆಸುತ್ತವೆ. ಕರುಳು ಕಂಡ ವೈರಿಯನ್ನು ಕೆಚ್ಚಲು ಗುರುತಿಟ್ಟುಕೊಳ್ಳುತ್ತದೆ. ರೋಗ ಬಂದು ಗುಣವಾದ ತಾಯಿ ಮುಂದಿನ ಸೂಲಿನ ಮರಿಗಳಿಗೆ ಆ ರಕ್ಷಣೆಯನ್ನು ಹಾಲಲ್ಲೇ ಕುಡಿಸುತ್ತಾಳೆ. ಅಂಥ ತಾಯಿಯನ್ನು ಮಾರಿ ಏನೂ ಕಾಣದ ಹೊಸ ಹೆಣ್ಣು ಹಂದಿಯನ್ನು ತಂದರೆ ಮತ್ತೆ ಮೊದಲಿಂದ ಶುರು. ಮಾರಿದ ಹಂದಿ ಮಲದಲ್ಲಿ ವೈರಸ್ ಹೊತ್ತು ಕೊಂಡವರ ಮನೆಗೂ ಹೋಗುತ್ತದೆ.

ಎಲ್ಲ ಮರಿಗಳೂ ಸತ್ತು ಹೋದ ತಾಯಿ ಒಂದು ವಾರದ ಸುಮಾರಿಗೆ ಬೆದೆಗೆ ಬರಬಹುದು. ಗರ್ಭಕೋಶ ಸುಧಾರಿಸಿಕೊಳ್ಳಲು ಆ ಬೆದೆಯನ್ನು ಬಿಟ್ಟು, 21 ದಿನ ಕಾದು ಮುಂದಿನದಕ್ಕೆ ಗಂಡು ಬಿಡಿಸುವುದು ವಾಸಿ.

ಹಾಲಿನ ಪಾಲು ಸರಿಯಾಗಿ ಹಂಚುವುದೂ ಕೆಲಸವೇ. ಗಬ್ಬದ 114ನೇ ದಿನದ ಹೊತ್ತಿಗೆ ರಾತ್ರಿ ಒಬ್ಬರು ಎಚ್ಚರವಿರಬೇಕು. ಹನ್ನೆರಡು ಮರಿ ಹುಟ್ಟಿದರೆ ಮೊದಲು ಹುಟ್ಟಿದ ಗಟ್ಟಿ ಮರಿಗಳು ಗಿಣ್ಣೆಲ್ಲ ಕುಡಿದು, ಕೊನೆಯಲ್ಲಿ ಬಂದ ಸಣ್ಣವಕ್ಕೆ ಉಳಿಯುವುದಿಲ್ಲ. ಹೊಟ್ಟೆ ತುಂಬಿದ ಐದಾರು ಮರಿಗಳನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿ ಹಾಕಿ ಬಲ್ಬಿನ ಕೆಳಗೆ ಒಂದು ಗಂಟೆ ಇಟ್ಟು, ಅಷ್ಟರಲ್ಲಿ ಸಣ್ಣವನ್ನು ಮೊಲೆಗೆ ಹಚ್ಚಿ. ಹೆರಿಗೆಗೆ ಮೊದಲು ತಾಯಿಯ ಮೈ, ಕೆಚ್ಚಲನ್ನು ಸೋಪು ನೀರಲ್ಲಿ ತೊಳೆದಿರಿ. ಕೆಚ್ಚಲಿಗೆ ಅಂಟಿದ ಕೊಳಕೇ ಮರಿಯ ಮೊದಲ ಗುಟುಕಾಗಬಾರದು. ಒಂದು ತಾಯಿಯ ಮರಿಯನ್ನು ಇನ್ನೊಂದಕ್ಕೆ ಹಚ್ಚುವ ಅಭ್ಯಾಸ ಒಳ್ಳೆಯದೇ, ಆದರೆ ಶೆಡ್‌ನಲ್ಲಿ ಭೇದಿ ಇರುವಾಗ ಬೇಡವೇ ಬೇಡ.

ವಿದೇಶಗಳಲ್ಲಿ ರೋಗಪೀಡಿತ ಮರಿಗಳ ಮಲ ಅಥವಾ ಕರುಳನ್ನು ಗಬ್ಬದ ಹಂದಿಗಳಿಗೆ ತಿನ್ನಿಸಿ ಅವುಗಳ ಹಾಲಿನಲ್ಲಿ ಶಕ್ತಿ ಬರುವಂತೆ ಮಾಡುವ ಪದ್ಧತಿ ಇದೆ. ಮೊಬೈಲ್ ವಿಡಿಯೊ ನೋಡಿ ಕೆಲವರು ಇದರ ಬಗ್ಗೆ ನನ್ನನ್ನು ಕೇಳಿದ್ದಾರೆ. ನನ್ನ ಉತ್ತರ ಖಡಾಖಂಡಿತ: ನೀವಾಗಿಯೇ ಮಾಡಬೇಡಿ. ಆ ಕರುಳಿನಲ್ಲಿ ಹಂದಿ ಜ್ವರವೋ ಆಫ್ರಿಕನ್ ಹಂದಿ ಜ್ವರವೋ ಅಡಗಿದ್ದರೆ ಒಂದೇ ಊಟದಲ್ಲಿ ಇಡೀ ಶೆಡ್ ಹೋಗುತ್ತದೆ. ಪಿಇಡಿಗೆ ಅಮೆರಿಕದಲ್ಲಿ 2014ರಿಂದ ಲಸಿಕೆ ಇದೆ. ಅದು ಕೂಡ ಒಮ್ಮೆ ವೈರಸ್ ಕಂಡ ತಾಯಿಯ ಶಕ್ತಿಯನ್ನು ಹೆಚ್ಚಿಸುವುದರಲ್ಲಿ ಗಟ್ಟಿ, ಏನೂ ಕಾಣದ ತಾಯಿಯಲ್ಲಿ ಅಷ್ಟು ಗಟ್ಟಿಯಲ್ಲ.

ಗಾಡಿ, ಕಾಲು, ಚೀಲ

ಬಹಳ ವರ್ಷಗಳ ಹಿಂದೆ ಒಂದು ಫಾರಂನಲ್ಲಿ ಹಾಲು ಬಿಟ್ಟ ಮರಿಗಳ ಭೇದಿ ನೋಡಲು ಹೋಗಿದ್ದೆ. ನೋಡಿ ಮುಗಿಸಿ, ಅದೇ ಬೂಟಿನಲ್ಲಿ ಪಕ್ಕದ ಹೆರಿಗೆ ಶೆಡ್‌ಗೆ ಹೋಗಿ ಒಂದು ತಾಯಿಯ ಕೆಚ್ಚಲು ಪರೀಕ್ಷಿಸಿ ಬಂದೆ. ಮೂರನೇ ದಿನ ಆ ಹೆರಿಗೆ ಶೆಡ್‌ನಲ್ಲಿ ಭೇದಿ ಶುರುವಾಯಿತು. ನನ್ನ ಬೂಟಿನಿಂದಲೇ ಹೋಯಿತು ಎಂದು ಯಾರೂ ಹೇಳಲಿಲ್ಲ. ಆದರೆ ನನಗೆ ಗೊತ್ತಿತ್ತು. ಅಂದಿನಿಂದ ಹೆರಿಗೆ ಶೆಡ್ ಮೊದಲು, ದೊಡ್ಡ ಹಂದಿ ಆಮೇಲೆ, ಕಾಯಿಲೆ ಬಿದ್ದವು ಕೊನೆಗೆ ಎಂಬ ಕ್ರಮವನ್ನು ನಾನು ಮುರಿದಿಲ್ಲ. ಮೇವು ಹಾಕುವವರೂ ಗೊಬ್ಬರ ಬಾಚುವವರೂ ಇದೇ ಕ್ರಮದಲ್ಲಿ ನಡೆಯಬೇಕು. ಆಳು ಇದ್ದರೆ ಕಾಯಿಲೆಯ ಗೂಡಿಗೆ ಬೇರೆಯೇ ಒಬ್ಬರಿರಲಿ.

ಹೆರಿಗೆ ಶೆಡ್‌ನ ಬಾಗಿಲಲ್ಲಿ ಅಲ್ಲಿಗೆಂದೇ ಒಂದು ಜೊತೆ ಗಮ್‌ಬೂಟ್ ಇಡಿ. ಅವು ಆ ಹೊಸ್ತಿಲು ದಾಟಿ ಹೊರಗೆ ಬರಬಾರದು. ನಾಲ್ಕುನೂರು ಐನೂರು ರೂಪಾಯಿಯ ಈ ಖರ್ಚಿಗಿಂತ ಹೆಚ್ಚು ಲಾಭ ತರುವ ವಸ್ತು ಹಂದಿ ಸಾಕಣೆಯಲ್ಲಿ ನಾನು ಕಂಡಿಲ್ಲ. ಬಾಗಿಲ ಮುಂದೆ ಔಷಧಿ ನೀರಿನ ತೊಟ್ಟಿ ಇಟ್ಟರೆ ಒಳ್ಳೆಯದೇ. ಆದರೆ ಗೊಬ್ಬರ ಮೆತ್ತಿದ ಬೂಟನ್ನು ಅದರಲ್ಲಿ ಅದ್ದಿ ತೆಗೆದರೆ ಏನೂ ಆಗುವುದಿಲ್ಲ, ಮೊದಲು ಬ್ರಷ್‌ನಲ್ಲಿ ಉಜ್ಜಿ ತೊಳೆಯಬೇಕು.

ವ್ಯಾಪಾರಿಯ ಟೆಂಪೊ ಗೇಟಿನ ಹೊರಗೇ ನಿಲ್ಲಲಿ. ಅದು ಬೆಳಗ್ಗೆ ಎಲ್ಲಿಂದ ಬಂತು, ಎಷ್ಟು ಶೆಡ್ ಸುತ್ತಿತು ಎಂಬುದು ನಿಮಗೆ ತಿಳಿಯದು. ಹಂದಿಗಳನ್ನು ನಿಮ್ಮವರೇ ಹೊರಗೆ ತಂದು ಹತ್ತಿಸಲಿ, ಟೆಂಪೊದವರು ಒಳಗೆ ಬರುವುದು ಬೇಡ. ತೂಕದ ತಕ್ಕಡಿ, ಕಾಲು ಕಟ್ಟುವ ಹಗ್ಗ, ಬಿದಿರಿನ ಕುಕ್ಕೆ ಇವು ಊರಿಂದೂರಿಗೆ ತಿರುಗುವ ವಸ್ತುಗಳು, ನಿಮ್ಮದೇ ಒಂದು ಸೆಟ್ ಇಟ್ಟುಕೊಳ್ಳಿ. ಬೂಸಾ, ಹಿಂಡಿ, ಮುಸುಕಿನ ಜೋಳದ ಪುಡಿಗೆ ಹಳೆ ಗೋಣಿಚೀಲ ತರುವವರು ಆ ಚೀಲ ಹಿಂದೆ ಯಾರ ಶೆಡ್‌ನಲ್ಲಿ ಬಿದ್ದಿತ್ತು ಎಂದು ಕೇಳಬೇಕು. ಹೋಟೆಲ್ ಮುಸುರೆ ಹಾಕುವವರು ಅದನ್ನು ಕುದಿ ಬಂದ ಮೇಲೂ ಒಂದು ಗಂಟೆ ಕದಡುತ್ತಾ ಕುದಿಸಲೇಬೇಕು. ಭೇದಿಗಿಂತಲೂ ದೊಡ್ಡ ರೋಗಗಳು ಮುಸುರೆಯಲ್ಲಿ ಬರುತ್ತವೆ. ಹೊಸ ಹಂದಿ ತಂದರೆ ಒಂದು ತಿಂಗಳು ಬೇರೆ ಜಾಗದಲ್ಲಿ ಕಟ್ಟಿ ನೋಡಿ. ಸತ್ತ ಮರಿಗಳನ್ನು ಕೆರೆ ಏರಿಗೋ ರಸ್ತೆ ಬದಿಗೋ ಎಸೆದರೆ ನಾಯಿ, ಕಾಗೆಗಳು ಅದನ್ನು ಮತ್ತೆ ಊರಿಗೇ ತರುತ್ತವೆ. ಆಳವಾದ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿ.

ತೊಳೆಯುವುದು ಮತ್ತು ಒಣಗಿಸುವುದು

ಪಿಇಡಿ, ಟಿಜಿಇ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇರುತ್ತದೆ, ಸೋಪು ಅದನ್ನು ಒಡೆಯುತ್ತದೆ. ರೋಟಾ ವೈರಸ್‌ಗೆ ಆ ಹೊದಿಕೆ ಇಲ್ಲ, ಅದಕ್ಕೇ ಅದು ಗಟ್ಟಿಪಿಂಡ. ಶೆಡ್‌ನ ಬಿರುಕುಗಳಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಎರಡಕ್ಕೂ ನಡೆಯುವ ಕ್ರಮ ಒಂದೇ. ಗೊಬ್ಬರವನ್ನು ನೀರು ಹಾಕದೆ ಒಣದಾಗಿಯೇ ಕೆರೆದು ತೆಗೆಯಿರಿ. ಸೋಪಿನ ಪುಡಿ ಕದಡಿದ ನೀರಲ್ಲಿ ನೆಲ, ಗೋಡೆಯ ಮೊಳಕಾಲೆತ್ತರ, ಮೇವಿನ ತೊಟ್ಟಿಯ ಅಡಿ ಎಲ್ಲ ನೆನೆಸಿ ಗಡುಸು ಪೊರಕೆಯಲ್ಲಿ ಉಜ್ಜಿ. ತೊಳೆದು ಒಣಗಲು ಬಿಡಿ. ಒಣಗಿದ ಮೇಲೆ ಒಂದು ಲೀಟರ್ ನೀರಿಗೆ ಹದಿನೈದು ಇಪ್ಪತ್ತು ಗ್ರಾಂ ಬ್ಲೀಚಿಂಗ್ ಪುಡಿ ಕದಡಿ, ಅಂದಂದೇ ಮಾಡಿಕೊಂಡು, ಚೆಲ್ಲಿ ಅರ್ಧ ಗಂಟೆ ಬಿಡಿ. ಹಂದಿಗಳು ಒಳಗಿರುವಾಗ ಇದನ್ನು ಮಾಡಬೇಡಿ, ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಕೊನೆಗೆ ಸುಣ್ಣ ಬಳಿಯಿರಿ.

ಎಲ್ಲರೂ ಬಿಟ್ಟುಬಿಡುವ ಹಂತ ಒಣಗಿಸುವುದು. ಅಮೆರಿಕದ ಪ್ರಯೋಗವೊಂದರಲ್ಲಿ ಮಲ ಮೆತ್ತಿದ ಟ್ರೇಲರ್ ಲೋಹವನ್ನು 71 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದಾಗ ಪಿಇಡಿ ವೈರಸ್ ಸತ್ತಿತು. ಏನೂ ಕಾಯಿಸದೆ 20 ಡಿಗ್ರಿಯಲ್ಲಿ ಏಳು ದಿನ ಬಿಟ್ಟಾಗಲೂ ಸತ್ತಿತು. ಅಲ್ಲಿನ ಚಳಿಗಾಲದಲ್ಲಿ 20 ಡಿಗ್ರಿ ಮಾಡಲು ದುಡ್ಡು ಸುರಿಯಬೇಕು, ನಮಗೆ ವರ್ಷದ ಬಹುಪಾಲು ಅದು ಬಿಟ್ಟಿ ಸಿಗುತ್ತದೆ. ಹೆರಿಗೆ ಗೂಡನ್ನು ಎರಡು ಸೂಲುಗಳ ನಡುವೆ ಒಂದು ವಾರ ಖಾಲಿ ಬಿಟ್ಟು, ಬಾಗಿಲು ತೆರೆದು ಗಾಳಿ ಬಿಸಿಲು ಆಡಲು ಬಿಡಿ. ಹತ್ತು ತಾಯಿಗೆ ಎರಡೇ ಹೆರಿಗೆ ಗೂಡು ಇಟ್ಟುಕೊಂಡು ಒಂದು ಹೊರಗೆ ಹೋಗುತ್ತಲೇ ಇನ್ನೊಂದನ್ನು ಒಳಗೆ ಹಾಕುವವರ ಶೆಡ್‌ನಲ್ಲಿ ಭೇದಿ ನಿಲ್ಲದಿರುವುದು ನನಗೆ ಆಶ್ಚರ್ಯ ತಂದಿಲ್ಲ.

ಪಿಇಡಿ, ಟಿಜಿಇ ಮನುಷ್ಯರಿಗೆ ಬರುವುದಿಲ್ಲ, ಮಾಂಸ ತಿನ್ನುವವರಿಗೂ ಅದರಿಂದ ಭಯವಿಲ್ಲ. ಹಂದಿಗಳ ಇನ್ನೊಂದು ಕೊರೊನಾ ವೈರಸ್, ಡೆಲ್ಟಾ ಎಂಬ ಗುಂಪಿನದು, 2014-15ರಲ್ಲಿ ಹೈಟಿ ದೇಶದ ಮೂವರು ಮಕ್ಕಳಲ್ಲಿ ಸಿಕ್ಕಿತ್ತು. ಹಾಗಾಗಿ ಶೆಡ್‌ನಿಂದ ಬಂದು ಕೈಕಾಲು ಸೋಪಿನಲ್ಲಿ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ.

ದೊಡ್ಡಬಳ್ಳಾಪುರದ ರೈತರು ಆ ತಾಯಿಯನ್ನು ಮಾರಲಿಲ್ಲ. ಐದು ಮರಿಗಳಿಗೆ ಹಾಲು ಬಿಡಿಸಿ ಜನವರಿ ಕೊನೆಗೆ ಗಂಡು ಬಿಡಿಸಿದರು. ಮೇ ತಿಂಗಳ ಕೊನೆಯಲ್ಲಿ ಫೋನ್ ಬಂತು, ಈ ಸಲ ಮಧ್ಯಾಹ್ನ: “ಹತ್ತು ಹಾಕಿದೆ ಸಾರ್, ಹತ್ತೂ ಹಾಲು ಕುಡೀತಾ ಇವೆ.” ಒಂದು ವಾರ ಬಿಟ್ಟು ಆ ದಾರಿಯಲ್ಲಿ ಹೋಗುವಾಗ ನೋಡಿ ಬರೋಣ ಎಂದು ಇಳಿದೆ. ಹೆರಿಗೆ ಶೆಡ್‌ನ ಬಾಗಿಲಿಗೆ ಬರುವಷ್ಟರಲ್ಲಿ ಅವರ ಹತ್ತು ವರ್ಷದ ಮಗಳು ಓಡಿಬಂದು ಅಡ್ಡ ನಿಂತಳು. “ಮಾವ, ನಿಮ್ಮ ಶೂ ಅಲ್ಲೇ ಬಿಡಿ. ಒಳಗೆ ಹೋಗೋಕೆ ಇದು,” ಎಂದು ಗೋಡೆಗೆ ಒರಗಿಸಿಟ್ಟಿದ್ದ ಕಪ್ಪು ಗಮ್‌ಬೂಟ್ ತೋರಿಸಿದಳು. ನನ್ನ ಪಾದಕ್ಕೆ ಅದು ಒಂದು ಅಳತೆ ಸಣ್ಣದಿತ್ತು. ಹಾಕಿಕೊಂಡು ಒಳಗೆ ಹೋದೆ.